ಚಿಲ್ಲರೆ ಮಳಿಗೆಯ ಖರೀದಿದಾರ: ಅವನ ಕೆಲಸ, ಅವನ ಲೆಕ್ಕ

ಬೆಳೆ ತೆಗೆಯುವುದು ಒಂದು ವಿದ್ಯೆಯಾದರೆ, ತೆಗೆದ ಬೆಳೆಯನ್ನು ಮಾರುವುದು ಮತ್ತೊಂದು ವಿದ್ಯೆ ಎಂಬುದು ರೈತರಿಗೆ ಗೊತ್ತಿರುವ ಮಾತೇ. ಆದರೆ ಎದುರಿಗೆ ನಿಂತು ಕೊಳ್ಳುವವನೂ ಒಂದು ವಿದ್ಯೆಯನ್ನು ಕಲಿತೇ ಬಂದಿರುತ್ತಾನೆ ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಮಂಡಿಯ ದಲ್ಲಾಳಿಯ ರೀತಿನೀತಿಗಳು ತಲೆಮಾರುಗಳಿಂದ ಪರಿಚಿತವಾದುವು. ನಗರದ ಚಿಲ್ಲರೆ ಮಳಿಗೆಗಳ ಪರವಾಗಿ ಹಳ್ಳಿಯ ಸಂಗ್ರಹಣಾ ಕೇಂದ್ರದಲ್ಲಿ ನಿಂತು ಮಾಲನ್ನು ಆರಿಸುವ ಯುವಕ ಹೊಸಬ. ಅವನು ನಲವತ್ತು ಕ್ರೇಟುಗಳಲ್ಲಿ ಹದಿನೈದನ್ನು ಬದಿಗೆ ಸರಿಸಿದಾಗ ರೈತನಿಗೆ ಅದು ಅವಮಾನವೆನಿಸುತ್ತದೆ. ತಿನ್ನಲು ಚೆನ್ನಾಗಿಯೇ ಇರುವ ಹಣ್ಣು ಏಕೆ ಬೇಡವಾಯಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಅವನ ಕೆಲಸವೇನು, ಅವನು ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ರೈತರಿಂದ ನೇರವಾಗಿ ಕೊಂಡು ನಗರದಲ್ಲಿ ಚಿಲ್ಲರೆಯಾಗಿ ಮಾರುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. 1959ರಲ್ಲಿ ತೋಟಗಾರಿಕಾ ತಜ್ಞ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಸ್ಥಾಪನೆಯಾಯಿತು. ಮುಂದೆ ಅದೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಖಾಸಗಿ ಸರಣಿ ಮಳಿಗೆಗಳು ಬಂದದ್ದು ತಡವಾಗಿ. 1996ರಲ್ಲಿ ಚೆನ್ನೈನಲ್ಲಿ ಫುಡ್‌ವರ್ಲ್ಡ್, 2006ರಲ್ಲಿ ಹೈದರಾಬಾದಿನಲ್ಲಿ ರಿಲಯನ್ಸ್ ಫ್ರೆಶ್ ಆರಂಭವಾದುವು. 2011ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿಗ್‌ಬಾಸ್ಕೆಟ್ ಮನೆಬಾಗಿಲಿಗೆ ತರಕಾರಿ ಮುಟ್ಟಿಸುವ ವ್ಯವಹಾರ ಹಿಡಿಯಿತು. ಹೆಸರುಗಳು ಬೇರೆಯಾದರೂ ಇವೆಲ್ಲವುಗಳ ಹಿಂದೆ ಇರುವ ಖರೀದಿಯ ಕೆಲಸ ಹೆಚ್ಚುಕಡಿಮೆ ಒಂದೇ.

ಇಬ್ಬರು ಮಾಡುವ ಒಂದು ಕೆಲಸ

ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸವನ್ನು ಇಬ್ಬರಿಗೆ ಹಂಚಿರುತ್ತಾರೆ. ಯಾರಿಂದ ಕೊಳ್ಳಬೇಕು, ಯಾವ ಗುಣಮಟ್ಟ, ಎಷ್ಟು ಧಾರಣೆ ಎಂಬುದನ್ನು ನಿರ್ಧರಿಸುವವನು ಖರೀದಿದಾರ. ಯಾವ ಮಳಿಗೆಗೆ ಯಾವ ದಿನ ಎಷ್ಟು ಕಿಲೋ ಬೇಕು, ಅದು ಎಷ್ಟು ದಿನದಲ್ಲಿ ಮಾರಾಟವಾಗಬೇಕು, ಉಳಿದರೆ ಯಾವಾಗ ಬೆಲೆ ಇಳಿಸಬೇಕು ಎಂದು ಯೋಜಿಸುವವನು ಮರ್ಚಂಡೈಸರ್. ಇವನನ್ನು ಮಾಲು ಯೋಜಕ ಎನ್ನಬಹುದು. ರೈತನ ಕಣ್ಣಿಗೆ ಬೀಳುವವನು ಮೊದಲನೆಯವನು ಮಾತ್ರ. ಆದರೆ “ಇವತ್ತು ಅರ್ಧ ಮಾಲು ಸಾಕು” ಎಂಬ ಮಾತು ಬಹುಪಾಲು ಎರಡನೆಯವನ ಮೇಜಿನಿಂದ ಹೊರಟಿರುತ್ತದೆ. ಸಣ್ಣ ಸಂಸ್ಥೆಗಳಲ್ಲಿ ಇಬ್ಬರೂ ಒಬ್ಬನೇ.

ಯೋಜಕನ ಕೆಲಸದಲ್ಲಿ ಪಂಚಾಂಗಕ್ಕೆ ದೊಡ್ಡ ಸ್ಥಾನ. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬಗಳಿಗೆ ಬಾಳೆಹಣ್ಣು, ಆಯುಧಪೂಜೆಗೆ ಬೂದುಗುಂಬಳ ಮತ್ತು ನಿಂಬೆ, ಸಂಕ್ರಾಂತಿಗೆ ಕಬ್ಬು, ಗೆಣಸು, ಅವರೆ. ಇವುಗಳ ಬೇಡಿಕೆಯನ್ನು ಅವನು ವಾರಗಳ ಮೊದಲೇ ಅಂದಾಜು ಮಾಡಿ ಖರೀದಿದಾರನಿಗೆ ತಿಳಿಸಿರುತ್ತಾನೆ. ಆಯುಧಪೂಜೆಯ ಮಾರನೆಯ ದಿನ ಬಂದ ಬೂದುಗುಂಬಳ ಎಷ್ಟೇ ಒಳ್ಳೆಯದಾದರೂ ಅವನ ಲೆಕ್ಕದಲ್ಲಿ ಜಾಗ ತಿನ್ನುವ ವಸ್ತು. ಹಬ್ಬಕ್ಕೆಂದು ಬೆಳೆಯುವ ರೈತರು ಹಬ್ಬದ ದಿನವನ್ನಷ್ಟೇ ನೋಡದೆ, ಅದಕ್ಕೆ ಮೂರು ನಾಲ್ಕು ದಿನ ಮುಂಚೆ ಲಾರಿ ಹೊರಡುವ ದಿನವನ್ನು ಗುರುತು ಹಾಕಿಕೊಳ್ಳುವುದು ಲೇಸು.

ಖರೀದಿದಾರನ ದಿನಚರಿ ಹಿಂದಿನ ಸಂಜೆಯೇ ಆರಂಭವಾಗುತ್ತದೆ. ಪ್ರತಿ ಮಳಿಗೆಯಿಂದ ಆ ದಿನದ ಮಾರಾಟ, ಉಳಿದ ದಾಸ್ತಾನು, ಕೊಳೆತು ಎಸೆದ ಮಾಲಿನ ತೂಕ ಬರುತ್ತದೆ. ಅದರ ಮೇಲೆ ಮರುದಿನದ ಬೇಡಿಕೆ ಪಟ್ಟಿ ಸಿದ್ಧವಾಗುತ್ತದೆ. ಬೆಳಗಿನ ಜಾವ ಹತ್ತಿರದ ಕೃಷಿ ಉತ್ಪನ್ನ ಮಾರುಕಟ್ಟೆಯ ಧಾರಣೆ ವಿಚಾರಿಸಿ, ಅದನ್ನು ಆಧಾರವಾಗಿಟ್ಟುಕೊಂಡು ತನ್ನ ಧಾರಣೆ ಹೇಳುತ್ತಾನೆ. ಮಾಲು ನೋಡಿ, ತೂಕ ಮಾಡಿಸಿ, ಲಾರಿ ಕಳುಹಿಸಿದ ಮೇಲೆ ಅವನ ಕೆಲಸ ಮುಗಿಯಿತೆಂದಲ್ಲ. ಮಧ್ಯಾಹ್ನ ಮಳಿಗೆಗಳಿಂದ ದೂರುಗಳು ಬರುತ್ತವೆ. ತಿಂಗಳ ಕೊನೆಯಲ್ಲಿ ಅವನನ್ನು ಅಳೆಯುವುದು ಮೂರು ಸಂಖ್ಯೆಗಳಿಂದ: ಬೇಡಿಕೆಯಲ್ಲಿ ಎಷ್ಟು ಭಾಗ ಪೂರೈಸಿದ, ಎಷ್ಟು ಲಾಭಾಂಶ ಬಂತು, ಎಷ್ಟು ಮಾಲು ಕಸಕ್ಕೆ ಹೋಯಿತು. ರುಚಿಗಾಗಿ ಅವನಿಗೆ ಯಾರೂ ಅಂಕ ಕೊಡುವುದಿಲ್ಲ. ಇದು ಈ ವ್ಯವಸ್ಥೆಯ ದೋಷವೇ ಸರಿ.

ಕಪಾಟಿನಿಂದ ಹಿಂದಕ್ಕೆ ಎಣಿಸುವ ಲೆಕ್ಕ

ರೈತನು ಬೀಜ, ಗೊಬ್ಬರ, ಕೂಲಿಗಳಿಂದ ಮುಂದಕ್ಕೆ ಲೆಕ್ಕ ಹಾಕುತ್ತಾನೆ. ಖರೀದಿದಾರನು ಮಳಿಗೆಯ ಕಪಾಟಿನ ಮೇಲೆ ಬರೆದ ಬೆಲೆಯಿಂದ ಹಿಂದಕ್ಕೆ ಎಣಿಸುತ್ತಾನೆ. ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಲ್ಲಿನ ಅಂಕಿಗಳು ಲೆಕ್ಕದ ರೀತಿ ತಿಳಿಯುವುದಕ್ಕಾಗಿ ಇಟ್ಟುಕೊಂಡವು. ಆಯಾ ದಿನದ ಧಾರಣೆಯನ್ನು ರೈತರೇ ಹಾಕಿಕೊಂಡು ನೋಡಬೇಕು.

ಮಳಿಗೆಯಲ್ಲಿ ಟೊಮೇಟೊ ಕಿಲೋಗೆ 30 ರೂಪಾಯಿ ಎಂದಿಟ್ಟುಕೊಳ್ಳೋಣ. ರೈತನಿಂದ ಕೊಂಡ 100 ಕಿಲೋದಲ್ಲಿ ದಾರಿಯಲ್ಲಿ, ಮಳಿಗೆಯಲ್ಲಿ ಒಟ್ಟು 12 ಕಿಲೋ ಹಾಳಾದರೆ ಮಾರಾಟವಾಗುವುದು 88 ಕಿಲೋ. ಬರುವ ಹಣ 2,640 ರೂಪಾಯಿ. ಇದರಲ್ಲಿ ಮಳಿಗೆಯ ಬಾಡಿಗೆ, ಸಂಬಳ, ವಿದ್ಯುತ್ತು, ಲಾಭ ಎಲ್ಲ ಸೇರಿ ಶೇಕಡಾ 20ರಂತೆ 528 ರೂಪಾಯಿ ಕಳೆಯಬೇಕು. ಸಾಗಣೆ, ವಿಂಗಡಣೆ, ಕ್ರೇಟುಗಳ ಬಾಬ್ತು ಕಿಲೋಗೆ 3 ರೂಪಾಯಿಯಂತೆ 300 ರೂಪಾಯಿ. ಉಳಿದದ್ದು 1,812. ಅಂದರೆ ಖರೀದಿದಾರನು ರೈತನಿಗೆ ಹೇಳಬಹುದಾದ ಗರಿಷ್ಠ ಧಾರಣೆ ಕಿಲೋಗೆ 18 ರೂಪಾಯಿ 12 ಪೈಸೆ.

ಈಗ ಅದೇ 100 ಕಿಲೋದಲ್ಲಿ 6 ಕಿಲೋ ಮಾತ್ರ ಹಾಳಾಯಿತೆನ್ನೋಣ. 94 ಕಿಲೋಗೆ 2,820 ರೂಪಾಯಿ. ಶೇಕಡಾ 20 ಎಂದರೆ 564. ಸಾಗಣೆ ಮೊದಲಿನಂತೆ 300. ಉಳಿಯುವುದು 1,956, ಅಂದರೆ ಕಿಲೋಗೆ 19 ರೂಪಾಯಿ 56 ಪೈಸೆ. ಕಪಾಟಿನ ಬೆಲೆ ಬದಲಾಗಲಿಲ್ಲ, ಮಳಿಗೆಯವನ ಪಾಲಿನ ದರ ಬದಲಾಗಲಿಲ್ಲ. ಆದರೂ 1 ರೂಪಾಯಿ 44 ಪೈಸೆಯಷ್ಟು ಅವಕಾಶ ಹುಟ್ಟಿತು. ನೂರರಲ್ಲಿ ಒಂದು ಕಿಲೋ ನಷ್ಟ ತಪ್ಪಿದರೆ ಧಾರಣೆಗೆ 24 ಪೈಸೆ ಕೂಡುತ್ತದೆ ಎಂದಾಯಿತು. ಈ 24 ಪೈಸೆ ತಾನಾಗಿಯೇ ರೈತನ ಕೈ ಸೇರುತ್ತದೆಯೆಂದು ಯಾರೂ ನಂಬಬೇಕಾಗಿಲ್ಲ. ಅದನ್ನು ಕೇಳಿ ಪಡೆಯಬೇಕು. ಕೇಳುವುದಕ್ಕೆ ತನ್ನ ಮಾಲು ಎಷ್ಟು ಹಾಳಾಯಿತೆಂಬ ಅಂಕಿ ಕೈಯಲ್ಲಿರಬೇಕು. ಮಳಿಗೆಯವರ ಬಳಿ ಆ ಅಂಕಿ ಇದ್ದೇ ಇರುತ್ತದೆ. ವಾರಕ್ಕೊಮ್ಮೆ ಅದನ್ನು ಕೇಳುವ ರೈತರು ವಿರಳ.

ಲಾಭಾಂಶದ ಮಾತಿನಲ್ಲಿ ಒಂದು ತೊಡಕಿದೆ. 20 ರೂಪಾಯಿಗೆ ಕೊಂಡು 25ಕ್ಕೆ ಮಾರಿದರೆ ರೈತನು ಅದನ್ನು ಕೊಂಡ ಬೆಲೆಯ ಮೇಲೆ ಶೇಕಡಾ 25 ಎನ್ನುತ್ತಾನೆ. ಮಳಿಗೆಯವರು ಮಾರಿದ ಬೆಲೆಯ ಮೇಲೆ ಶೇಕಡಾ 20 ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ 100 ಕಿಲೋದಲ್ಲಿ 10 ಕಿಲೋ ಕಸಕ್ಕೆ ಹೋದರೆ 2,000 ಕೊಟ್ಟು ತಂದ ಮಾಲಿಗೆ ಬರುವುದು 2,250 ಮಾತ್ರ. ಆಗ ಮಾರಾಟದ ಮೇಲಿನ ಲಾಭಾಂಶ ಶೇಕಡಾ 11ಕ್ಕೆ ಇಳಿಯುತ್ತದೆ. ಖರೀದಿದಾರನು ಕ್ರೇಟಿನ ತಳಕ್ಕೆ ಕೈಹಾಕಿ ಹಣ್ಣು ತಿರುವಿ ನೋಡುವುದು ಈ ಭಯದಿಂದ.

ಅವನು ಕೊಳ್ಳುವುದು ದಿನಗಳನ್ನು

ಮಳಿಗೆಯ ಗ್ರಾಹಕರು ಹಣ್ಣನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಾರೆ. ಆದುದರಿಂದ ಒಂದೇ ಗಾತ್ರ, ಒಂದೇ ಬಣ್ಣದ ಮಾಲು ಬೇಗ ಖಾಲಿಯಾಗುತ್ತದೆ. ಮಿಶ್ರ ಮಾಲಿನಲ್ಲಿ ಒಳ್ಳೆಯದು ಮೊದಲು ಹೋಗಿ, ಉಳಿದದ್ದು ನೂರು ಕೈಗಳ ಅದುಮುವಿಕೆಗೆ ಸಿಕ್ಕಿ ಕೊಳೆಯುತ್ತದೆ. ಪೂರ್ತಿ ಕೆಂಪಾದ ಟೊಮೇಟೊ ಆ ದಿನದ ಸಾರಿಗೆ ಉತ್ತಮ. ಖರೀದಿದಾರನಿಗೆ ಅದರಲ್ಲಿ ಆಯುಷ್ಯ ಉಳಿದಿಲ್ಲ.

ಟೊಮೇಟೊ ಬಲಿತ ಹಸಿರಿನಿಂದ ಪೂರ್ತಿ ಕೆಂಪಿಗೆ ತಿರುಗುವವರೆಗೆ ಆರು ಹಂತಗಳನ್ನು ಗುರುತಿಸುತ್ತಾರೆ. ಮೊದಲನೆಯದು ಬಲಿತ ಹಸಿರು. ತುದಿಯಲ್ಲಿ ಬಣ್ಣ ಒಡೆದು ಹತ್ತನೆಯ ಒಂದು ಭಾಗ ಮೀರದಿದ್ದರೆ ಎರಡನೆಯದು. ಶೇಕಡಾ 10ರಿಂದ 30ರಷ್ಟು ಬಣ್ಣ ತಿರುಗಿದ್ದು ಮೂರನೆಯದು, 30ರಿಂದ 60ರವರೆಗಿನ ನಸುಗೆಂಪು ನಾಲ್ಕನೆಯದು, 60ರಿಂದ 90ರದ್ದು ಐದನೆಯದು. ಅದರ ಮೇಲಿನದು ಪೂರ್ಣ ಕೆಂಪು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬೆಂಗಳೂರಿಗೆ ಹೋಗುವ ಮಾಲು ಮೂರು ನಾಲ್ಕನೆಯ ಹಂತದಲ್ಲಿದ್ದರೆ ಮಳಿಗೆಯಲ್ಲಿ ಎರಡು ಮೂರು ದಿನ ನಿಂತೀತು. ದೂರದ ಊರಿಗಾದರೆ ಎರಡನೆಯ ಹಂತದಲ್ಲಿ ಕೀಳಬೇಕು. ಖರೀದಿದಾರನಿಗೆ ಯಾವ ಹಂತ ಬೇಕೆಂಬುದನ್ನು ಕೊಯ್ಲಿನ ಹಿಂದಿನ ದಿನವೇ ಕೇಳಿ ತಿಳಿದುಕೊಂಡು, ಕೀಳುವ ಆಳುಗಳ ಕೈಗೆ ಆ ಬಣ್ಣದ ಒಂದೊಂದು ಹಣ್ಣನ್ನು ಮಾದರಿಯಾಗಿ ಕೊಡುವುದು ಸುಲಭವಾದ ಉಪಾಯ. ಹೊಲದ ಬದುವಿನಲ್ಲಿ ನಿಂತು ಕೂಗಿ ಹೇಳುವುದಕ್ಕಿಂತ ಇದು ಹೆಚ್ಚು ಫಲಕಾರಿ.

ಕೊಯ್ಲು ತಂಪುಹೊತ್ತಿನಲ್ಲಿ ಆಗಬೇಕು, ಕಿತ್ತ ಮಾಲು ನೆರಳಿಗೆ ಬರಬೇಕು, ಕ್ರೇಟನ್ನು ಕಂಠದ ಮೇಲೆ ತುಂಬಬಾರದು. ಮೇಲೆ ತುಂಬಿದರೆ ಒಂದರ ಮೇಲೊಂದು ಪೇರಿಸಿದಾಗ ಮೇಲಿನ ಕ್ರೇಟಿನ ಭಾರವನ್ನು ಹಣ್ಣೇ ಹೊರಬೇಕಾಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದಿರುವ ವಿಷಯವೆಂದರೆ ಮಾಗುವ ಹಣ್ಣುಗಳಿಂದ ಹೊರಡುವ ಎಥಿಲೀನ್ ಅನಿಲ. ಹಣ್ಣಾದ ಟೊಮೇಟೊ, ಬಾಳೆ, ಪರಂಗಿಗಳ ಪಕ್ಕದಲ್ಲಿ ಸೌತೆಕಾಯಿ ಅಥವಾ ಸೊಪ್ಪನ್ನು ಒಂದೇ ಗಾಡಿಯಲ್ಲಿ ಮುಚ್ಚಿ ತಂದರೆ ಅವು ಬೇಗ ಹಳದಿ ತಿರುಗುತ್ತವೆ. ತಣ್ಣನೆಯ ಕೋಣೆಯಿದ್ದರೆ ಎಲ್ಲವೂ ಉಳಿಯುತ್ತದೆಂಬ ಭಾವನೆಯೂ ಸರಿಯಲ್ಲ. ಎಲೆಕೋಸು, ಗಜ್ಜರಿ, ಸೊಪ್ಪುಗಳಿಗೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಸಮೀಪದ ತಂಪು ಹಿತವಾದರೆ, ಬಾಳೆ 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಾಗಿ ಕೆಡುತ್ತದೆ. ಟೊಮೇಟೊ, ಸೌತೆ, ಬದನೆಗಳಿಗೂ 10 ಡಿಗ್ರಿಗಿಂತ ಕೆಳಗಿನ ಚಳಿ ಒಗ್ಗುವುದಿಲ್ಲ.

ಆರಿಸಿ ಉಳಿದ ಮಾಲಿನ ಸಮಸ್ಯೆ

ಖರೀದಿದಾರನು ಹೇಳುವ ಧಾರಣೆ ಮಂಡಿಯ ಧಾರಣೆಗಿಂತ ಎರಡು ಮೂರು ರೂಪಾಯಿ ಹೆಚ್ಚಾಗಿರುವುದುಂಟು. ಇದನ್ನು ಕಂಡು ಕೇಂದ್ರಕ್ಕೆ ಮಾಲು ಒಯ್ದ ರೈತರಲ್ಲಿ ಕೆಲವರು ಹಂಗಾಮಿನ ಕೊನೆಗೆ ಏನೂ ಹೆಚ್ಚು ಸಿಗಲಿಲ್ಲವಲ್ಲ ಎಂದು ಬೇಸರಪಡುತ್ತಾರೆ. ಕಾರಣ ಅವರ ಲೆಕ್ಕದಲ್ಲಿಯೇ ಅಡಗಿದೆ.

1,000 ಕಿಲೋ ಕೊಯ್ಲಾಯಿತೆನ್ನೋಣ. ಪೂರ್ತಿಯಾಗಿ ಮಂಡಿಗೆ ಹಾಕಿದರೆ ಕಿಲೋಗೆ 16 ರೂಪಾಯಿ. ಕಮಿಷನ್, ಹಮಾಲಿ, ಸಾಗಣೆ ಸೇರಿ ಖರ್ಚು ಎರಡೂವರೆ ರೂಪಾಯಿ. ಕೈಗೆ ಬರುವುದು 13,500. ಅದೇ ಮಾಲನ್ನು ಸಂಗ್ರಹಣಾ ಕೇಂದ್ರಕ್ಕೆ ಒಯ್ದರೆ 19 ರೂಪಾಯಿಯಂತೆ 600 ಕಿಲೋ ತೆಗೆದುಕೊಂಡರು: 11,400. ಉಳಿದ 400 ಕಿಲೋ ಮಂಡಿಗೆ ಹೋಗಬೇಕು. ಆದರೆ ಅದು ಈಗ ಆರಿಸಿ ಬಿಟ್ಟ ಮಾಲು. ಹರಾಜಿನಲ್ಲಿ 16ರ ಬದಲು 9 ರೂಪಾಯಿ ಎಂದರೂ ಆಶ್ಚರ್ಯವಿಲ್ಲ. ಖರ್ಚು ಕಳೆದು 2,600. ವಿಂಗಡಣೆಯ ಕೂಲಿ ಮತ್ತು ಕೇಂದ್ರದವರೆಗಿನ ಸಾಗಣೆಗೆ 800. ಒಟ್ಟು ಉಳಿದದ್ದು 13,200. ಹತ್ತೊಂಬತ್ತರ ಧಾರಣೆಗೆ ಮಾರಿದವನು ಹದಿನಾರಕ್ಕೆ ಮಾರಿದವನಿಗಿಂತ 300 ರೂಪಾಯಿ ಕಡಿಮೆ ಪಡೆದ!

ಕೇಂದ್ರದಲ್ಲಿ 750 ಕಿಲೋ ಒಪ್ಪಿದ್ದರೆ ಚಿತ್ರವೇ ಬೇರೆ. ಆಗ 14,250 ಮತ್ತು 1,625 ಸೇರಿ, 800 ಕಳೆದು, 15,075 ಕೈಸೇರುತ್ತಿತ್ತು. ಈ ಉದಾಹರಣೆಯಲ್ಲಿ ಎರಡೂ ದಾರಿಗಳು ಸರಿಸಮವಾಗುವುದು 624 ಕಿಲೋದಲ್ಲಿ. ಆದುದರಿಂದ ಧಾರಣೆ ಎಷ್ಟೆಂದು ಕೇಳುವ ಮೊದಲು, ತನ್ನ ಹೊಲದ ಮಾಲಿನಲ್ಲಿ ನೂರಕ್ಕೆ ಎಷ್ಟು ಒಪ್ಪಿಗೆಯಾಗುತ್ತದೆಂದು ರೈತನು ನಾಲ್ಕೈದು ಕೊಯ್ಲುಗಳ ಲೆಕ್ಕ ಬರೆದಿಡಬೇಕು. ಮೊದಲ ಕೊಯ್ಲುಗಳಲ್ಲಿ ಒಪ್ಪಿಗೆ ಹೆಚ್ಚು. ಬಳ್ಳಿ ದಣಿದಂತೆ ಗಾತ್ರ ಇಳಿದು ತಿರಸ್ಕಾರ ಹೆಚ್ಚುತ್ತದೆ. ಹಂಗಾಮಿನ ಕೊನೆಯ ಕೊಯ್ಲುಗಳನ್ನು ವಿಂಗಡಿಸದೆ ಮಂಡಿಗೆ ಕಳುಹಿಸುವುದೇ ಲಾಭಕರವಾಗಬಹುದು. ಇದನ್ನು ಖರೀದಿದಾರನು ತಾನಾಗಿ ಹೇಳುವುದಿಲ್ಲ, ಹೇಳಬೇಕಾದ ಹೊಣೆಯೂ ಅವನಿಗಿಲ್ಲ.

ಮತ್ತೊಂದು ವಿಷಯವನ್ನು ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಗಮನಿಸಬೇಕು. ತಿರಸ್ಕಾರಗಳಲ್ಲಿ ಎರಡು ಬಗೆ. ಹುಳುಕು, ಬಿರುಕು, ಬಿಸಿಲು ಬಡಿದ ಕಲೆ, ಗಾತ್ರ ವ್ಯತ್ಯಾಸ ಇವು ನಿಜವಾದ ದೋಷಗಳು. ಇವಕ್ಕೆ ಹೊಲದಲ್ಲಿ ಪರಿಹಾರವಿದೆ. ಎರಡನೆಯ ಬಗೆಯಲ್ಲಿ ಮಾಲು ಚೆನ್ನಾಗಿರುತ್ತದೆ, ಮಳಿಗೆಗಳ ಬೇಡಿಕೆ ಕುಸಿದಿರುತ್ತದೆ. “ಇವತ್ತು ಬೇಡ” ಎಂದು ಹೇಳಲು ಸಂಕೋಚಪಟ್ಟು ಖರೀದಿದಾರನು “ಬಣ್ಣ ಸರಿಯಿಲ್ಲ” ಎನ್ನುತ್ತಾನೆ. ಮಾರುಕಟ್ಟೆಯಲ್ಲಿ ಮಾಲು ಉಕ್ಕಿದ ದಿನ ಗುಣಮಟ್ಟದ ನಿಯಮ ಬಿಗಿಯಾಗುತ್ತದೆ, ಅಭಾವದ ದಿನ ಅದೇ ನಿಯಮ ಸಡಿಲವಾಗುತ್ತದೆ. ಇದನ್ನು ಪತ್ತೆ ಮಾಡುವ ಕ್ರಮ ಕಷ್ಟವಲ್ಲ. ಪ್ರತಿದಿನ ತಿರಸ್ಕೃತವಾದ ಪ್ರಮಾಣ ಮತ್ತು ಆ ದಿನದ ಮಂಡಿ ಧಾರಣೆಗಳನ್ನು ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ಬರೆದುಕೊಂಡು ಹೋದರೆ ತಿಂಗಳಲ್ಲಿ ಸಂಗತಿ ಸ್ಪಷ್ಟವಾಗುತ್ತದೆ. ಧಾರಣೆ ಇಳಿದ ದಿನಗಳಲ್ಲಿಯೇ ತಿರಸ್ಕಾರ ಏರುತ್ತಿದ್ದರೆ ಹೊಲಕ್ಕೆ ಔಷಧಿ ಹೊಡೆಯುವುದರಿಂದ ಪ್ರಯೋಜನವಿಲ್ಲ; ಪ್ರಮಾಣದ ಬಗ್ಗೆ ಮುಂಚಿತವಾಗಿ ಮಾತಾಡಿಕೊಳ್ಳಬೇಕು. ಇಂತಿಷ್ಟು ಕ್ರೇಟು ಖಚಿತ, ಉಳಿದದ್ದು ಆ ದಿನದ ಬೇಡಿಕೆಯಂತೆ ಎಂದು ಹಿಂದಿನ ಸಂಜೆ ನಿಶ್ಚಯವಾದರೆ ಉಳಿದ ಮಾಲನ್ನು ನೇರವಾಗಿ ಮಂಡಿಗೆ ಕಳುಹಿಸಬಹುದು.

ಈ ಮಾತುಕತೆಯನ್ನು ಒಬ್ಬ ಸಣ್ಣ ರೈತ ನಡೆಸುವುದು ಕಷ್ಟ. ಕಂಪನಿ ಕಾಯಿದೆಗೆ ಆದ ತಿದ್ದುಪಡಿಯಿಂದ 2003ರಿಂದ ರೈತರು ಉತ್ಪಾದಕರ ಕಂಪನಿ ಕಟ್ಟಿಕೊಳ್ಳಲು ಅವಕಾಶವಾಯಿತು. 2020ರಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರ ಯೋಜನೆಯೂ ಆರಂಭವಾಯಿತು. ಇಂತಹ ಸಂಸ್ಥೆಗಳು ಗೊಬ್ಬರ ಮಾರುವುದರಲ್ಲಿಯೇ ತೃಪ್ತಿಪಡುವುದು ಹೆಚ್ಚು. ಅವುಗಳಲ್ಲಿ ಒಬ್ಬರು ಮಾಲು ಯೋಜಕನ ಕೆಲಸವನ್ನೇ ಕಲಿತರೆ ಒಳ್ಳೆಯದು. ನಾಟಿ ಮಾಡಿದ 60ರಿಂದ 75 ದಿನಗಳಲ್ಲಿ ಟೊಮೇಟೊ ಕೊಯ್ಲು ಮೊದಲಾಗುತ್ತದೆ. ಹುರುಳಿಕಾಯಿ ಬಿತ್ತಿದ 45ರಿಂದ 50 ದಿನಗಳಿಗೆ ಬರುತ್ತದೆ. ಕೊತ್ತಂಬರಿ ಸೊಪ್ಪಿಗೆ 35ರಿಂದ 45 ದಿನ. ಈ ಲೆಕ್ಕ ಹಿಡಿದು ಸದಸ್ಯರು ಹದಿನೈದು ದಿನಗಳ ಅಂತರದಲ್ಲಿ ಸರದಿಯಂತೆ ನಾಟಿ ಮಾಡಿದರೆ, ವಾರಕ್ಕೆ ಇಷ್ಟು ಮಾಲು ತಪ್ಪದೆ ಕೊಡುತ್ತೇವೆಂದು ಮಾತು ಕೊಡಬಹುದು. ತಪ್ಪದೆ ಬರುವ ಮಾಲಿಗಾಗಿ ಖರೀದಿದಾರನು ನಾಲ್ಕಾಣೆ ಹೆಚ್ಚು ಕೊಡಲು ಹಿಂಜರಿಯುವುದಿಲ್ಲ. ಏಕೆಂದರೆ ಅವನ ಮೂರು ಸಂಖ್ಯೆಗಳಲ್ಲಿ ಮೊದಲನೆಯದು ಅದೇ.

ರೈತರ ಮಕ್ಕಳಿಗೆ ಈ ಉದ್ಯೋಗ

ಕೃಷಿ ಮತ್ತು ತೋಟಗಾರಿಕೆ ಪದವೀಧರರು ಈ ಹುದ್ದೆಗಳಿಗೆ ಹೋಗುವುದುಂಟು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕೊಯ್ಲೋತ್ತರ ವಿಷಯದಲ್ಲಿ ಓದಿದವರ ಸಂಖ್ಯೆಯೂ ಬೆಳೆದಿದೆ. ಹೆಚ್ಚಿನ ವ್ಯಾಸಂಗಕ್ಕೆ ಹೈದರಾಬಾದಿನ ಮ್ಯಾನೇಜ್, ಜೈಪುರದ ಕೃಷಿ ಮಾರುಕಟ್ಟೆ ಸಂಸ್ಥೆಗಳಿವೆ. ಆದರೆ ಪದವಿ ಬಾಗಿಲು ತೆರೆಯುತ್ತದೆ, ಅಷ್ಟೆ. ಹೊಸಬರನ್ನು ಮೊದಲ ಕೆಲವು ತಿಂಗಳು ಮಳಿಗೆಯಲ್ಲಿಯೇ ನಿಲ್ಲಿಸುವ ಪದ್ಧತಿ ಹಲವು ಕಡೆ ಇದೆ. ಕಪಾಟು ಜೋಡಿಸುತ್ತ, ಕೊಳೆತದ್ದನ್ನು ತೂಗಿ ಎಸೆಯುತ್ತ, ಗ್ರಾಹಕರು ಯಾವುದನ್ನು ಎತ್ತಿ ಮತ್ತೆ ಕೆಳಗಿಟ್ಟರು ಎಂಬುದನ್ನು ನೋಡುತ್ತ ಕಲಿತದ್ದು ಮುಂದೆ ಉಪಯೋಗಕ್ಕೆ ಬರುತ್ತದೆ. ಬೆಳಗಿನ ಜಾವದ ಕೆಲಸ, ರಜೆಯಿಲ್ಲದ ಹಬ್ಬಗಳು, ಎರಡು ಕಡೆಯಿಂದಲೂ ಬೈಗುಳ ಇವಕ್ಕೆ ಸಿದ್ಧರಿರಬೇಕು. ಕೋಲಾರದ ಕಡೆ ಕನ್ನಡದೊಡನೆ ತೆಲುಗು ಬಂದರೆ ಕೆಲಸ ಹಗುರ.

ಇದರಲ್ಲಿ ಆಮಿಷಗಳೂ ಇವೆ. ಯಾರ ಮಾಲು ಒಪ್ಪಿಗೆಯಾಗಬೇಕೆಂಬ ಅಧಿಕಾರ ಒಬ್ಬನ ಕೈಯಲ್ಲಿದ್ದಾಗ ಹಬ್ಬದ ಉಡುಗೊರೆಯ ರೂಪದಲ್ಲಿ ಒತ್ತಡ ಬರುತ್ತದೆ. ಖರೀದಿದಾರರನ್ನು ಆಗಾಗ್ಗೆ ಬೇರೆ ಕೇಂದ್ರಕ್ಕೆ ವರ್ಗ ಮಾಡುವುದಕ್ಕೆ ಇದೂ ಒಂದು ಕಾರಣ. ಪರಿಚಯವಾದ ಖರೀದಿದಾರನು ವರ್ಗವಾಗಿ ಹೋದಾಗ ಬಾಯಿಮಾತಿನ ಒಪ್ಪಂದಗಳೆಲ್ಲ ಅವನ ಜೊತೆಯಲ್ಲಿಯೇ ಹೋಗುತ್ತವೆ. ಆದುದರಿಂದ ಮುಖ್ಯವಾದ ನಾಲ್ಕು ಮಾತುಗಳಾದರೂ ಬರಹದಲ್ಲಿರಬೇಕು: ಒಪ್ಪುವ ಮಾಲಿನ ಗಾತ್ರ ಮತ್ತು ಬಣ್ಣ, ಖಾಲಿ ಕ್ರೇಟಿನ ತೂಕ ಎಷ್ಟೆಂದು ಕಳೆಯುತ್ತಾರೆ, ಹಣ ಎಷ್ಟು ದಿನಕ್ಕೆ ಬರುತ್ತದೆ, ಮತ್ತು ಮಾಲನ್ನು ಎಷ್ಟು ಹೊತ್ತಿನೊಳಗೆ ನೋಡಿ ಮುಗಿಸುತ್ತಾರೆ.

ಈ ನಾಲ್ಕನೆಯದನ್ನು ಕೇಳುವವರು ಕಡಿಮೆ. ಬೆಳಗ್ಗೆ ಏಳಕ್ಕೆ ಬೇಡವೆಂದ ಕ್ರೇಟು ಮಂಡಿಯ ಹರಾಜಿಗೆ ಮುಟ್ಟುತ್ತದೆ. ಹನ್ನೊಂದಕ್ಕೆ ಬೇಡವೆಂದದ್ದು, ಹರಾಜು ಮುಗಿದ ಮೇಲೆ, ರಸ್ತೆ ಬದಿಯಲ್ಲಿ ಸಿಕ್ಕ ಬೆಲೆಗೆ ಹೋಗಬೇಕು ಅಥವಾ ದನದ ಕೊಟ್ಟಿಗೆಗೆ ಮರಳಬೇಕು.